‘ಚೆರಿ’ ಅಂದರೆ ಯಾವ ಚೆರಿ? ಕೊಡಗಿನ ಆನ್‌ಲೈನ್ ವ್ಯವಹಾರಕ್ಕೆ ಆಂಟಾಲಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದಲ್ಲಿ ಕೂತು ನಾನು ಮಾಡುವ ಕೆಲಸ ಇಷ್ಟೇ. ತೋಟದವರ ಲೆಕ್ಕದ ಸಾಫ್ಟ್‌ವೇರು, ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಗ್ರೇಡ್ ಮಾಡುವ ಕ್ಯೂರಿಂಗ್‌ನವರ ಸಾಫ್ಟ್‌ವೇರು, ಕಾಫಿ ಹುರಿಯುವ ಬೆಂಗಳೂರಿನ ರೋಸ್ಟರುಗಳ ಆರ್ಡರ್ ಪುಟ, ಕೆಲವು ಹೋಂಸ್ಟೇಗಳ ಬುಕಿಂಗ್ ಪುಟ, ಇವೆಲ್ಲ ಒಂದರ ಮಾತು ಇನ್ನೊಂದಕ್ಕೆ ತಿಳಿಯುವ ಹಾಗೆ ಮಾಡುವುದು. ‘ಆಂಟಾಲಜಿ’ ಅನ್ನುವ ಪದ ನನ್ನ ಬಾಯಿಂದ ಬಂದ ಕೂಡಲೇ ಎದುರಿಗೆ ಕೂತವರು ಲೋಟ ಕೆಳಗಿಟ್ಟು ಮುಖ ನೋಡುತ್ತಾರೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಆಂಟಾಲಜಿ ಅಂದರೆ ಏನು? ಸುತ್ತಿ ಬಳಸದೆ ಹೇಳಿ.

ಒಂದು ವ್ಯವಹಾರದಲ್ಲಿ ಏನೇನಿದೆ, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ, ಯಾವ ಪದಕ್ಕೆ ಯಾವ ಅರ್ಥ ಅನ್ನುವುದನ್ನು ಕಂಪ್ಯೂಟರಿಗೂ ಓದಲು ಬರುವ ಹಾಗೆ ಬರೆದಿಟ್ಟ ಒಪ್ಪಂದ. ಪದ ಬಂದದ್ದು ತತ್ವಶಾಸ್ತ್ರದಿಂದ. ಕಂಪ್ಯೂಟರ್ ಲೋಕದಲ್ಲಿ ಜನ ಹೆಚ್ಚಾಗಿ ನೆನೆಯುವುದು 1993ರಲ್ಲಿ ಟಾಮ್ ಗ್ರೂಬರ್ ಕೊಟ್ಟ ವಿವರಣೆಯನ್ನು: ನಮ್ಮ ತಲೆಯಲ್ಲಿರುವ ಕಲ್ಪನೆಗಳನ್ನು ಬಿಡಿಸಿ ಸ್ಪಷ್ಟವಾಗಿ ಬರೆಯುವುದು. ನನಗೆ ‘ಒಪ್ಪಂದ’ ಅನ್ನುವ ಪದವೇ ಇಷ್ಟ. ಒಬ್ಬರೇ ಕೂತು ಬರೆದರೆ ಅದು ಆಂಟಾಲಜಿ ಆಗಬಹುದು, ಕೆಲಸಕ್ಕೆ ಮಾತ್ರ ಬರುವುದಿಲ್ಲ.

ಬರೆಯುವ ರೀತಿ ಸರಳ. ಪ್ರತಿ ಮಾತೂ ಮೂರು ತುಂಡು: ‘ಲಾಟ್ 14’, ‘ಬಂದದ್ದು’, ‘ಮೇಲಿನ ತೋಟದಿಂದ’. (ಲಾಟ್ ಅಂದರೆ ಒಟ್ಟಿಗೆ ಲೆಕ್ಕಕ್ಕಿಟ್ಟ ಒಂದು ರಾಶಿ ಕಾಫಿ.) ಇದಕ್ಕೆ ಆರ್‌ಡಿಎಫ್ ಅನ್ನುತ್ತಾರೆ. ಇದರ ಮೇಲೆ ‘ಪಾರ್ಚ್‌ಮೆಂಟ್ ಆಗಿದ್ದರೆ ಅದು ಪಲ್ಪಿಂಗ್ ಆಗಿಯೇ ಬಂದಿರಬೇಕು’ ಅನ್ನುವಂಥ ಮಾತುಗಳನ್ನು ಓಡಬ್ಲ್ಯುಎಲ್ ಅನ್ನುವ ಭಾಷೆಯಲ್ಲಿ ಬರೆಯಬಹುದು. (ಪಲ್ಪಿಂಗ್ ಅಂದರೆ ಹಣ್ಣಿನ ಮೇಲಿನ ಸಿಪ್ಪೆ ತೆಗೆಯುವುದು. ಹಾಗೆ ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜವೇ ಪಾರ್ಚ್‌ಮೆಂಟ್.) ಆಗ ಲಾಟ್ 14 ಪಾರ್ಚ್‌ಮೆಂಟ್ ಅಂತ ಹೇಳಿದರೆ ಸಾಕು, ಅದು ಪಲ್ಪಿಂಗ್ ಆಗಿದೆ ಅಂತ ಯಾರೂ ಹೇಳದಿದ್ದರೂ ಕಂಪ್ಯೂಟರ್ ತಾನೇ ತಿಳಿದುಕೊಳ್ಳುತ್ತದೆ.

ನಮ್ಮ ಕಾಫಿ ವ್ಯಾಪಾರಕ್ಕೂ ಇದಕ್ಕೂ ಏನು ಸಂಬಂಧ?

ನನಗೆ ಪಾಠ ಕಲಿಸಿದ್ದು ‘ಚೆರಿ’ ಅನ್ನುವ ಒಂದೇ ಪದ. ನಮ್ಮಲ್ಲಿ ಚೆರಿ ಅಂದರೆ ಕಣದಲ್ಲಿ ಸಿಪ್ಪೆ ಸಮೇತ ಒಣಗಿಸಿ ಚೀಲಕ್ಕೆ ತುಂಬಿದ ಕಾಫಿ. ಗಿಡದಿಂದ ಆಗಷ್ಟೇ ಕುಯ್ದದ್ದಕ್ಕೆ ನಾವು ‘ಹಣ್ಣು’ ಅನ್ನುತ್ತೇವೆ. ಹೊರಗಿನ ಸ್ಪೆಷಾಲಿಟಿ ಕಾಫಿಯವರಿಗೆ ಚೆರಿ ಅಂದರೆ ಅದೇ ಹಸಿ ಹಣ್ಣು. ಇಬ್ಬರೂ ತಪ್ಪಲ್ಲ.

ಒಂದು ಜನವರಿಯಲ್ಲಿ ನಾನು ಮಾಡಿದ ಆರ್ಡರ್ ಫಾರ್ಮಿನಲ್ಲಿ ‘ಚೆರಿ’ ಅಂತ ಒಂದು ಆಯ್ಕೆ ಇಟ್ಟಿದ್ದೆ. ಹಸಿ ಹಣ್ಣು ತಂದು ಹುದುಗಿಸಿ ಒಣಗಿಸುವ ಒಂದು ಯುನಿಟ್‌ನವರು ಅದನ್ನೇ ಒತ್ತಿ 500 ಕೆಜಿ ಕೇಳಿದರು. ತೋಟದ ಲೆಕ್ಕ ಬರೆಯುವ ರೈಟರಣ್ಣ ಆರ್ಡರ್ ನೋಡಿ, ಗೋದಾಮಿನಿಂದ ಒಣಗಿದ ಚೆರಿ ಹತ್ತು ಚೀಲ ಪಿಕಪ್‌ಗೆ ಹಾಕಿ ಕಳಿಸಿದರು. ಅಲ್ಲಿ ತೊಟ್ಟಿ ತೊಳೆದು ಕಾಯುತ್ತಿದ್ದವರ ಮುಂದೆ ಗೋಣಿಚೀಲ ಇಳಿಯಿತು. ಅರೇಬಿಕಾ ಆದರೆ ಸುಮಾರು ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ, ಅಂದರೆ ಸಿಪ್ಪೆಯೆಲ್ಲ ತೆಗೆದ ಬೀಜ, ಸಿಗುತ್ತದೆ. ಒಣಗಿದ ಚೆರಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಅಂದರೆ ಮಾಲೂ ಬೇರೆ, ಅದೇ ತೂಕಕ್ಕೆ ಬೆಲೆಯೂ ಬೇರೆ. ಎರಡೂ ಕಡೆಯ ಸಾಫ್ಟ್‌ವೇರು ಒಂದೇ ಒಂದು ದೂರು ಹೇಳಲಿಲ್ಲ. ಪದ ಹೊಂದಿತ್ತು, ಅಂಕಿ ಹೊಂದಿತ್ತು, ಹಸಿರು ಟಿಕ್ ಬಿದ್ದಿತ್ತು. ತಪ್ಪು ಪೂರ್ತಿ ನನ್ನದೇ. ಪಿಕಪ್ ಬಾಡಿಗೆ ನಾನೇ ಕೊಟ್ಟೆ.

ಈಗ ನಮ್ಮ ಆಂಟಾಲಜಿಯಲ್ಲಿ ‘ಹಸಿ ಹಣ್ಣು’, ‘ಒಣ ಚೆರಿ’, ‘ಪಾರ್ಚ್‌ಮೆಂಟ್’, ‘ಕ್ಲೀನ್ ಕಾಫಿ’ ನಾಲ್ಕೂ ಬೇರೆ ಬೇರೆ. ಒಂದೇ ಲಾಟು ಇವುಗಳಲ್ಲಿ ಎರಡಾಗಿರಲು ಸಾಧ್ಯವಿಲ್ಲ ಅಂತಲೂ ಬರೆದಿದ್ದೇವೆ. ಪರದೆಯ ಮೇಲೆ ಯಾರಿಗೆ ಯಾವ ಪದ ಕಾಣಿಸುತ್ತದೆ ಅನ್ನುವುದು ಆಮೇಲಿನ ಮಾತು.

ಅದಕ್ಕೆ ಎಕ್ಸೆಲ್‌ನಲ್ಲಿ ಒಂದು ಪದಪಟ್ಟಿ ಮಾಡಿದರೆ ಸಾಲದಾ?

ಶುರುವಿಗೆ ಸಾಕು. ಹಾಗೆ ಶುರು ಮಾಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಪಟ್ಟಿಯನ್ನು ಓದುವುದು ಮನುಷ್ಯ. ರಾತ್ರಿ ಹನ್ನೊಂದಕ್ಕೆ ಬಂದ ಆರ್ಡರನ್ನು ಓದುವುದು ಸರ್ವರು. ಪಟ್ಟಿಯಲ್ಲಿ ಸಂಬಂಧಗಳೂ ಇರುವುದಿಲ್ಲ.

ಎಪಿಐ ಇದ್ದೇ ಇದೆಯಲ್ಲ, ಮತ್ತೆ ಇದು ಯಾಕೆ?

ಎಪಿಐ, ಅಂದರೆ ಒಂದು ಸಾಫ್ಟ್‌ವೇರು ಇನ್ನೊಂದರ ಜೊತೆ ಮಾತಾಡುವ ಕಿಟಕಿ, ಹೇಳುವುದು ಡೇಟಾದ ಆಕಾರವನ್ನು. ‘ತೂಕ’ ಅನ್ನುವ ಜಾಗದಲ್ಲಿ ಸಂಖ್ಯೆ ಬರಬೇಕು ಅನ್ನುತ್ತದೆ, ಅಷ್ಟೇ. ಗೋಣಿಚೀಲದ ತೂಕ ಸೇರಿಯೋ ಬಿಟ್ಟೋ? ತೋಟದ ತಕ್ಕಡಿಯದ್ದೋ ಕ್ಯೂರಿಂಗ್ ಗೇಟಿನದ್ದೋ? ಅದಕ್ಕೆ ಗೊತ್ತಿಲ್ಲ.

ಚೀಲದ್ದೇ ತೆಗೆದುಕೊಳ್ಳಿ. ಇಲ್ಲಿ ರೇಟು ಹೇಳುವುದು 50 ಕೆಜಿ ಚೀಲಕ್ಕೆ. ರಫ್ತಿನವರು, ಅಂತರರಾಷ್ಟ್ರೀಯ ಅಂಕಿಅಂಶದವರು ಚೀಲ ಅಂದರೆ 60 ಕೆಜಿ ಅನ್ನುತ್ತಾರೆ, ಅದೂ ಕ್ಲೀನ್ ಕಾಫಿಗೆ. ‘100 ಚೀಲ’ ಅನ್ನುವ ಸಂದೇಶ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋದಾಗ 1,000 ಕೆಜಿ ಗಾಳಿಯಲ್ಲಿ ಹುಟ್ಟಬಹುದು, ಇಲ್ಲ ಮಾಯವಾಗಬಹುದು. ನಾವು ‘ಚೀಲ’ವನ್ನು ಅಳತೆ ಅಂತ ಒಪ್ಪುವುದನ್ನೇ ಬಿಟ್ಟೆವು. ಅದು ಬರೀ ಕಟ್ಟುವ ವಸ್ತು. ಅಳತೆ ಅಂದರೆ ಕೆಜಿ ಮಾತ್ರ.

ಇನ್ನೊಂದು ಲೆಕ್ಕವೂ ಇದೆ. ಐದು ಸಾಫ್ಟ್‌ವೇರುಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಿದರೆ 10 ಜೋಡಿ. ಹತ್ತಾದರೆ 45. ನಡುವೆ ಒಂದು ಸಾಮಾನ್ಯ ಆಂಟಾಲಜಿ ಇದ್ದರೆ ಪ್ರತಿಯೊಬ್ಬರೂ ಅದಕ್ಕೆ ಒಂದೇ ಸಲ ಹೊಂದಿಸಿಕೊಂಡರೆ ಆಯಿತು.

ವಸ್ತು ಸರಿ. ‘ಪ್ರೊಸೆಸ್’ ಅನ್ನು, ಅಂದರೆ ಕೆಲಸ ನಡೆಯುವ ಕ್ರಮವನ್ನು ಬರೆಯುವುದು ಹೇಗೆ?

ಇದೇ ನಿಜವಾದ ತಲೆನೋವು. ಯಾರು, ಯಾವಾಗ, ಯಾವುದರ ನಂತರ ಯಾವುದು ಅನ್ನುವುದನ್ನು ಚಿತ್ರ ಬರೆದು ತೋರಿಸಲು ಬಿಪಿಎಂಎನ್ ಇದೆ. ಅದರ 2.0 ಆವೃತ್ತಿ 2011ರಲ್ಲಿ ಬಂತು. ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಚಿತ್ರದ ಡಬ್ಬಿಯೊಳಗೆ ‘ಕಾಫಿ ಕೊಡುವುದು’ ಅಂತ ಬರೆದರೆ, ಕೊಡುವುದು ಅಂದರೆ ಏನು ಅಂತ ಆ ಚಿತ್ರ ಹೇಳುವುದಿಲ್ಲ.

ನಮಗೆ ಆದದ್ದು ಕೇಳಿ. ತೋಟದಿಂದ ಪಾರ್ಚ್‌ಮೆಂಟ್ ಕ್ಯೂರಿಂಗ್‌ಗೆ ಹೋಗುತ್ತದೆ. ಗೇಟಿನಲ್ಲಿ ತೂಕ ಆಗುತ್ತದೆ, ಚೀಟಿ ಬರುತ್ತದೆ. ಮೊದಲ ಮಾದರಿಯಲ್ಲಿ ನಾವು ಇದನ್ನು ‘ಹಸ್ತಾಂತರ’ ಅಂತ ಒಂದೇ ಘಟನೆಯಾಗಿ ಬರೆದಿದ್ದೆವು. ತೋಟದ ಲೆಕ್ಕದ ಸಾಫ್ಟ್‌ವೇರಿಗೆ ಹಸ್ತಾಂತರ ಅಂದರೆ ಮಾರಾಟ. ಲಾರಿ ಗೇಟು ದಾಟಿದ ಮರುಕ್ಷಣ ಅದು ಕ್ಯೂರಿಂಗ್‌ನವರ ಹೆಸರಿಗೆ ಬಿಲ್ ಮಾಡಿ ಕಳಿಸಿಬಿಟ್ಟಿತು! ಕಾಫಿ ಇನ್ನೂ ತೋಟದವರದ್ದೇ. ಕ್ಯೂರಿಂಗ್‌ನವರು ಕೂಲಿಗೆ ಸಿಪ್ಪೆ ಬಿಡಿಸಿ ಗ್ರೇಡ್ ಮಾಡಿಕೊಡುವವರು. ಬಿಲ್ ನೋಡಿ ಅವರಿಗೆ ನಗು, ತೋಟದ ಆಡಿಟರಿಗೆ ಸಿಟ್ಟು.

ಆಮೇಲೆ ‘ಹಸ್ತಾಂತರ’ವನ್ನು ಮೂರಾಗಿ ಬಿಡಿಸಿದೆವು. ಮಾಲು ಜಾಗ ಬದಲಿಸುವುದು ಒಂದು. ಮಾಲು ಯಾರ ಸುಪರ್ದಿಯಲ್ಲಿದೆ ಅನ್ನುವುದು ಇನ್ನೊಂದು. ಮಾಲು ಯಾರದ್ದು ಅನ್ನುವುದು ಮತ್ತೊಂದು. ಗೇಟು ದಾಟಿದಾಗ ಮೊದಲ ಎರಡು ಬದಲಾಗುತ್ತವೆ, ಮೂರನೆಯದು ಬದಲಾಗುವುದಿಲ್ಲ. ಮಾರಾಟದ ದಿನ ಚೀಲ ಕದಲದೆಯೇ ಮೂರನೆಯದು ಮಾತ್ರ ಬದಲಾಗಬಹುದು. ಇಷ್ಟು ಬರೆದ ಮೇಲೆ ಆ ಗೊಂದಲ ಮತ್ತೆ ಬರಲಿಲ್ಲ.

ಹೀಗೆ ಪ್ರತಿ ಹೆಜ್ಜೆಗೂ ನಾಲ್ಕು ಪ್ರಶ್ನೆ ಕೇಳಿ. ಒಳಗೆ ಏನು ಬರಬೇಕು? ಶುರುವಾಗುವ ಮೊದಲು ಏನು ನಿಜವಾಗಿರಬೇಕು? ಹೊರಗೆ ಏನು ಬರುತ್ತದೆ? ಮುಗಿದ ಮೇಲೆ ಲೋಕದಲ್ಲಿ ಏನು ಬದಲಾಗಿರುತ್ತದೆ? ಕ್ಯೂರಿಂಗ್‌ಗೆ ಹೇಳುವುದಾದರೆ: ಒಳಗೆ ಬರುವುದು ಲಾಟು ಮತ್ತು ಗೇಟಿನ ಚೀಟಿ. ಮಾಯಿಶ್ಚರ್, ಅಂದರೆ ತೇವಾಂಶ, ಮಿತಿಯೊಳಗೆ ಇರಬೇಕು. ಹೊರಗೆ ಬರುವುದು ಔಟ್‌ಟರ್ನ್ ರಿಪೋರ್ಟು, ಅಂದರೆ ಎಷ್ಟು ಪಾರ್ಚ್‌ಮೆಂಟಿಗೆ ಯಾವ ಗ್ರೇಡಿನ ಕಾಫಿ ಎಷ್ಟು ಬಂತು ಅನ್ನುವ ಲೆಕ್ಕ. ಬದಲಾಗುವುದು ಮಾತ್ರ ಬೇರೆಯೇ: ಹಳೆಯ ಪಾರ್ಚ್‌ಮೆಂಟ್ ಲಾಟು ಇಲ್ಲವಾಗುತ್ತದೆ. ಅದರ ಬದಲು ಎಎ, ಎ, ಪಿಬಿ ಅನ್ನುವ ಗ್ರೇಡುಗಳ ಹೊಸ ಲಾಟುಗಳು ಹುಟ್ಟುತ್ತವೆ. ರಿಪೋರ್ಟೇ ಬೇರೆ, ಕಾಫಿಗೆ ಆದ ಬದಲಾವಣೆಯೇ ಬೇರೆ. ಇವೆರಡನ್ನು ಒಂದು ಮಾಡುವುದು ಹೊಸಬರು ಖಂಡಿತ ಮಾಡುವ ತಪ್ಪು.

ಕಂಪ್ಯೂಟರೇ ಇಂಟರ್ನೆಟ್‌ನಲ್ಲಿ ಸೇವೆ ಹುಡುಕಿ, ತಾನೇ ಜೋಡಿಸಿ ಕೆಲಸ ಮುಗಿಸುತ್ತದೆ ಅಂತಿದ್ದರಲ್ಲ?

ಅಂತಿದ್ದರು. 2001ರಲ್ಲಿ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಮತ್ತು ಜೊತೆಯವರು ಸೆಮ್ಯಾಂಟಿಕ್ ವೆಬ್‌ನ, ಅಂದರೆ ಕಂಪ್ಯೂಟರಿಗೂ ಅರ್ಥವಾಗುವ ವೆಬ್‌ನ, ಕನಸನ್ನು ಜನರ ಮುಂದಿಟ್ಟರು. 2004ರಲ್ಲಿ ಓಡಬ್ಲ್ಯುಎಲ್ ಮಾನ್ಯವಾಯಿತು. ಅದೇ ವರ್ಷ ವೆಬ್ ಸೇವೆಗಳನ್ನು ವಿವರಿಸಲು ಓಡಬ್ಲ್ಯುಎಲ್-ಎಸ್ ಬಂತು. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ನಾನು ಕಲಿತದ್ದು ಅದರಿಂದಲೇ. 2005ರಲ್ಲಿ ಡಬ್ಲ್ಯುಎಸ್‌ಎಂಒ ಅಂತ ಅದೇ ಕೆಲಸಕ್ಕೆ ಇನ್ನೊಂದು ಬಂತು. ಆದರೆ ಅಪರಿಚಿತ ಸೇವೆಗಳು ತಾವಾಗಿ ಕೈ ಕುಲುಕಿ ವ್ಯಾಪಾರ ಮಾಡುವ ದಿನ ಬರಲಿಲ್ಲ. ಸೇವೆಗಳ ಡೈರೆಕ್ಟರಿಯಾಗಬೇಕಿದ್ದ ಯುಡಿಡಿಐನ ಸಾರ್ವಜನಿಕ ಪಟ್ಟಿಯನ್ನು ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ಸೇರಿ 2006ರ ಜನವರಿಯಲ್ಲಿ ಮುಚ್ಚಿದವು.

ನನ್ನ ಅಭಿಪ್ರಾಯ ಕೇಳಿದರೆ, ಇದು ಬರೀ ತಂತ್ರಜ್ಞಾನ ಸೋತದ್ದಲ್ಲ. ಕರಿಮೆಣಸು ಮಾರುವವರು ಮುಖ ನೋಡದ ವ್ಯಾಪಾರಿಗೆ ಮಾಲು ಕೊಡುತ್ತಾರಾ? ಮೊದಲು ಫೋನು, ಆಮೇಲೆ ಪರಿಚಯದವರ ಹತ್ತಿರ ವಿಚಾರಣೆ, ಆಮೇಲೆ ಮಾಲು. ನಂಬಿಕೆಯ ಭಾಗವನ್ನು ಯಾವ ಭಾಷೆಯೂ ಬರೆದುಕೊಡಲಿಲ್ಲ. ಹಾಗಾಗಿ ನಾವು ಪರಿಚಯ ಇರುವವರ ನಡುವೆ ಮಾತ್ರ ಇದನ್ನು ಬಳಸುತ್ತೇವೆ. ಹುಡುಕಲು ಅಲ್ಲ, ಅಪಾರ್ಥ ತಪ್ಪಿಸಲು.

ಎಲ್ಲವನ್ನೂ ಹೊಸದಾಗಿ ಬರೆಯಬೇಕಾ?

ಬೇಡವೇ ಬೇಡ. ವೆಬ್ ಪುಟಗಳ ಮಾಹಿತಿಗೆ ಎಲ್ಲರೂ ಬಳಸಬಹುದಾದ ಪದಕೋಶ, ಸ್ಕೀಮಾ ಡಾಟ್ ಆರ್ಗ್, 2011ರಿಂದ ಇದೆ. ಗೂಗಲ್, ಬಿಂಗ್, ಯಾಹೂ ಸೇರಿ ಶುರು ಮಾಡಿದ್ದು. ಮಾರ್ಟಿನ್ ಹೆಪ್ ಕಟ್ಟಿದ ಗುಡ್‌ರಿಲೇಷನ್ಸ್ ಅನ್ನುವ ವ್ಯಾಪಾರದ ಆಂಟಾಲಜಿ 2012ರಲ್ಲಿ ಅದರೊಳಗೆ ಸೇರಿತು. ಆರ್ಡರ್, ಬೆಲೆ, ಮಾರುವವರು, ಕೊಳ್ಳುವವರು, ತಲುಪಿಸುವುದು, ಇವಕ್ಕೆಲ್ಲ ಪದಗಳು ಅಲ್ಲಿ ಸಿದ್ಧ ಇವೆ. ಮಾಲು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಜಿಎಸ್1 ಸಂಸ್ಥೆಯ ಇಪಿಸಿಐಎಸ್ ಇದೆ. ಯಾವುದು ಯಾವುದರಿಂದ ಬಂತು ಅನ್ನುವುದಕ್ಕೆ 2013ರ ಪ್ರೊವ್-ಓ ಇದೆ. ನಾವು ಸ್ವಂತವಾಗಿ ಬರೆದದ್ದು ಔಟ್‌ಟರ್ನ್, ಪಾರ್ಚ್‌ಮೆಂಟ್, ಕಣ, ಇಂಥ 40ರ ಆಸುಪಾಸಿನ ಪದಗಳು ಮಾತ್ರ. ಜಾಸ್ತಿ ಬರೆದಷ್ಟೂ ನೋಡಿಕೊಳ್ಳುವ ಕೆಲಸ ಜಾಸ್ತಿ.

ಹೋಂಸ್ಟೇಗೆ ಇದರಿಂದ ಏನು ಉಪಯೋಗ?

ಮೊದಲ ಉಪಯೋಗ, ಬೆಲೆಯ ಜಗಳ ತಪ್ಪುತ್ತದೆ. ನಮ್ಮಲ್ಲಿ ತುಂಬ ಹೋಂಸ್ಟೇಗಳ ರೇಟು ತಲೆಗೆ ಇಷ್ಟು ಅಂತ, ತಿಂಡಿ ಊಟ ಸೇರಿ. ಬುಕಿಂಗ್ ಪುಟಗಳಿಗೆ ಗೊತ್ತಿರುವುದು ರೂಮಿಗೆ ಇಷ್ಟು. 2,500 ಅನ್ನುವ ಅಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೇ ಹೋದರೆ, ನಾಲ್ಕು ಜನ ಒಂದು ಕಾರಿನಲ್ಲಿ ಬಂದಿಳಿದು, ರಾತ್ರಿ ಪಂದಿ ಕರಿ ಕಡಂಬುಟ್ಟು ಉಂಡು, ಬೆಳಿಗ್ಗೆ 2,500 ಕೊಟ್ಟು ಹೊರಡಲು ನೋಡುತ್ತಾರೆ. ಮನೆಯವರು ಅತಿಥಿಯ ಜೊತೆ ಚೌಕಾಸಿಗೆ ನಿಲ್ಲಬೇಕು, ನಾಚಿಕೆ ಬೇರೆ. ಬೆಲೆಯ ಜೊತೆಗೇ ಅದು ಯಾವುದಕ್ಕೆ, ಎಷ್ಟು ಜನಕ್ಕೆ, ಏನು ಸೇರಿ ಅಂತ ಬರೆಯಲು ಸ್ಕೀಮಾದಲ್ಲಿ ಜಾಗ ಇದೆ. ಬಳಸಿ.

ಎರಡನೆಯದು, ನಿಯಮದ ಕೆಲಸಗಳು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ‘ವಿದೇಶಿ ಅತಿಥಿ’ ಯಾರು ಅಂತ ಒಮ್ಮೆ ಬರೆದಿಟ್ಟರೆ, ಬುಕಿಂಗ್ ಯಾವ ಪುಟದಿಂದ ಬಂದರೂ ಆ ಕೆಲಸ ತಾನಾಗಿ ಪಟ್ಟಿಗೆ ಸೇರುತ್ತದೆ.

ತಪ್ಪು ಮಾಹಿತಿ ಬಂದರೆ ಆಂಟಾಲಜಿ ಹಿಡಿಯುತ್ತದಾ?

ಎಲ್ಲರೂ ಹಿಡಿಯುತ್ತದೆ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ‘ಪ್ರತಿ ಲಾಟಿಗೂ ಮಾಯಿಶ್ಚರ್ ಇರಬೇಕು’ ಅಂತ ಓಡಬ್ಲ್ಯುಎಲ್‌ನಲ್ಲಿ ಬರೆದು, ಮಾಯಿಶ್ಚರ್ ಇಲ್ಲದ ಲಾಟು ಕಳಿಸಿ ನೋಡಿದೆ. ಗಲಾಟೆಯೇ ಇಲ್ಲ! ಯಾಕೆಂದರೆ ಅದರ ಲೆಕ್ಕದಲ್ಲಿ ಹೇಳಿಲ್ಲ ಅಂದರೆ ಇಲ್ಲ ಅಂತಲ್ಲ. ಎಲ್ಲೋ ಇದೆ, ನನಗಿನ್ನೂ ಗೊತ್ತಾಗಿಲ್ಲ ಅಂತ. ವೆಬ್‌ನಂಥ ಕೊನೆಮೊದಲಿಲ್ಲದ ಜಾಗಕ್ಕೆ ಅದು ಸರಿ. ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡಿರುವವರಿಗೆ ಸರಿಯಲ್ಲ.

ಇನ್ನೂ ತಮಾಷೆ ಇದೆ. ‘ಬುಕ್ ಮಾಡಿದವರು’ ಅನ್ನುವ ಸಂಬಂಧದ ಆ ತುದಿಯಲ್ಲಿ ಇರುವುದು ಅತಿಥಿ ಅಂತ ಬರೆದಿದ್ದೆವು. ಯಾರೋ ಕೈತಪ್ಪಿ ಅಲ್ಲಿ ಬಾಡಿಗೆ ಜೀಪನ್ನು ಸೇರಿಸಿದರು. ಕಂಪ್ಯೂಟರ್ ತಪ್ಪು ಅನ್ನಲಿಲ್ಲ. ಹಾಗಾದರೆ ಈ ಜೀಪೂ ಅತಿಥಿಯೇ ಅಂತ ತೀರ್ಮಾನ ಮಾಡಿತು. ಜೀಪಿಗೂ ತಿಂಡಿ ಲೆಕ್ಕ ಬಿತ್ತು.

ತಪಾಸಣೆಗೆ ಬೇರೆ ಉಪಕರಣ ಇದೆ: 2017ರಲ್ಲಿ ಮಾನ್ಯವಾದ ಶ್ಯಾಕಲ್. ಇದು ಇರಬೇಕು, ಒಂದೇ ಇರಬೇಕು, ಇಷ್ಟರೊಳಗೆ ಇರಬೇಕು ಅಂತ ಅದರಲ್ಲಿ ಬರೆದರೆ ಅದು ಕಾವಲುಗಾರನ ಹಾಗೆ ತಡೆಯುತ್ತದೆ. ಅರ್ಥಕ್ಕೆ ಓಡಬ್ಲ್ಯುಎಲ್, ಗೇಟಿಗೆ ಶ್ಯಾಕಲ್. ಎರಡನ್ನೂ ಬೇರೆ ಬೇರೆ ಫೈಲಿನಲ್ಲಿ ಇಡಿ.

ಜಮ್ಮಾ ಜಾಗದ ‘ಮಾಲೀಕ’ ಅನ್ನುವ ಕಾಲಂನಲ್ಲಿ ಯಾರ ಹೆಸರು ಹಾಕುವುದು?

ಒಳ್ಳೆ ಪ್ರಶ್ನೆ. ಜಮ್ಮಾ ಅಂದರೆ ಕೊಡಗಿನಲ್ಲಿ ಒಂದು ಒಕ್ಕಕ್ಕೆ, ಅಂದರೆ ಮನೆತನಕ್ಕೆ, ತಲೆಮಾರಿನಿಂದ ಬಂದ ಜಾಗ. ಸಾಫ್ಟ್‌ವೇರು ಬರೆದವರ ತಲೆಯಲ್ಲಿ ಒಂದು ಜಾಗ, ಒಬ್ಬ ಮಾಲೀಕ. ಇಲ್ಲಿ ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಒಕ್ಕದ ಹಿರಿಯರ, ಹೆಸರು ಇರುತ್ತದೆ, ಜಾಗ ಒಕ್ಕದ್ದು, ಒಂದೊಂದು ಭಾಗದಲ್ಲಿ ಕೃಷಿ ಮಾಡುವವರು ಒಕ್ಕದ ಬೇರೆ ಬೇರೆ ಮನೆಯವರು. ಪಟ್ಟೇದಾರರು ತೀರಿಕೊಂಡು ದಶಕ ಕಳೆದರೂ ಹೆಸರು ಹಾಗೇ ಇರುವುದೂ ಉಂಟು. ಕಾಫಿ ಮಾರಿದ ದುಡ್ಡು ಮಾತ್ರ ಕೃಷಿ ಮಾಡಿದವರ ಖಾತೆಗೆ ಹೋಗಬೇಕು.

ನಾವು ‘ಮಾಲೀಕ’ ಅನ್ನುವ ಪದವನ್ನೇ ತೆಗೆದೆವು. ದಾಖಲೆಯಲ್ಲಿ ಹೆಸರಿರುವವರು, ಹಕ್ಕಿರುವ ಒಕ್ಕ, ಕೃಷಿ ಮಾಡುವವರು, ಹಣ ಪಡೆಯುವವರು, ಹೀಗೆ ನಾಲ್ಕು ಸಂಬಂಧ. ಇಲ್ಲಿ ಒಂದು ಎಚ್ಚರಿಕೆ. ಓಡಬ್ಲ್ಯುಎಲ್‌ನಲ್ಲಿ ‘ಇದೂ ಅದೂ ಒಂದೇ’ ಅಂತ ಹೇಳುವ ಒಂದು ಸಂಬಂಧ ಇದೆ. ಪಟ್ಟೇದಾರರನ್ನೂ ಒಕ್ಕವನ್ನೂ ಅದರಿಂದ ಜೋಡಿಸಿದಿರೋ, ಒಕ್ಕದ ಬಗ್ಗೆ ಹೇಳಿದ್ದೆಲ್ಲ ಆ ವ್ಯಕ್ತಿಗೂ, ವ್ಯಕ್ತಿಯ ಬಗ್ಗೆ ಹೇಳಿದ್ದೆಲ್ಲ ಒಕ್ಕಕ್ಕೂ ಅಂಟುತ್ತದೆ. ಬಿಡಿಸುವುದು ಕಷ್ಟ.

ಯುರೋಪಿನ ಹೊಸ ನಿಯಮಕ್ಕೆ ಇದು ನೆರವಾಗುತ್ತದಾ?

ಆಗುತ್ತದೆ. ಅರಣ್ಯನಾಶದ ವಿರುದ್ಧ ಯುರೋಪ್ ಒಕ್ಕೂಟ 2023ರಲ್ಲಿ ತಂದ ನಿಯಮದ ಪಟ್ಟಿಯಲ್ಲಿ ಕಾಫಿಯೂ ಇದೆ. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ, ಆದರೆ ಕೊಳ್ಳುವವರು ಕೇಳಲು ಶುರು ಮಾಡಿದ್ದಾರೆ. ಕಾಫಿ ಬೆಳೆದ ಜಾಗದ ನಕ್ಷೆಯ ಗುರುತು ಬೇಕು. 4 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಎಕರೆ ಹತ್ತಿರ, ಅದಕ್ಕಿಂತ ದೊಡ್ಡ ಜಾಗಕ್ಕೆ ಸುತ್ತಲಿನ ಗಡಿಯೇ ಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗ ಆಗಿರಬಾರದು.

ತೊಡಕು ಇರುವುದು ಕಾಫಿ ಬೆರೆಯುವಲ್ಲಿ. ಎಂಟು ತೋಟದ ಕಾಫಿ ಸೇರಿ ಒಂದು ಲಾಟು ಆದರೆ ಎಂಟೂ ಜಾಗದ ಗುರುತು ಬೇಕು. ಆ ಲಾಟು ಇನ್ನೊಂದರ ಜೊತೆ ಬೆರೆತರೆ ಇನ್ನೂ ಜಾಸ್ತಿ. ‘ಯಾವುದರಿಂದ ಬಂತು’ ಅನ್ನುವ ಕೊಂಡಿ ಪ್ರತಿ ಹೆಜ್ಜೆಯಲ್ಲೂ ಬರೆದಿದ್ದರೆ, ಆರ್‌ಡಿಎಫ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಸ್ಪಾರ್ಕಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿ ಕೊನೆಯ ಚೀಲದಿಂದ ಮೊದಲ ತೋಟದವರೆಗೆ ಹಿಂದಕ್ಕೆ ನಡೆಯಬಹುದು. ಕೊಂಡಿ ಒಂದು ಕಡೆ ತಪ್ಪಿದ್ದರೆ ಅಲ್ಲಿಗೆ ದಾರಿ ಮುಗಿಯಿತು.

ಯಾವ ಸಾಫ್ಟ್‌ವೇರು ಬೇಕು?

ಬರೆಯಲು ಸ್ಟ್ಯಾನ್‌ಫರ್ಡ್‌ನ ಪ್ರೊಟೇಜೆ, ಬಿಟ್ಟಿ ಸಿಗುತ್ತದೆ. ಈಗಿರುವ ಎಪಿಐಗಳನ್ನು ಕೆಡವಬೇಡಿ. ಜೇಸನ್-ಎಲ್‌ಡಿ ಅನ್ನುವ ಬರೆಯುವ ರೀತಿ ಬಳಸಿದರೆ ಹಳೆಯ ಸಂದೇಶದ ತಲೆಗೆ ನಾಲ್ಕು ಸಾಲು ಸೇರಿಸಿ ಪ್ರತಿ ಪದಕ್ಕೂ ಅರ್ಥ ಕೊಡಬಹುದು. ಮೊದಲ ವಾರ ಮಾತ್ರ ಕಂಪ್ಯೂಟರ್ ಮುಟ್ಟದೆ ಪೆನ್ನು ಕಾಗದ ಹಿಡಿದು ರೈಟರಣ್ಣನ ಜೊತೆ ಕೂರಿ.

ಈಗ ಎಐ ಇದೆಯಲ್ಲ, ಅದೇ ಅರ್ಥ ಮಾಡಿಕೊಳ್ಳುವುದಿಲ್ಲವಾ?

ಎರಡು ಸಾಫ್ಟ್‌ವೇರುಗಳ ಕಾಲಂ ಪಟ್ಟಿ ಕೊಟ್ಟರೆ, ಯಾವುದು ಯಾವುದಕ್ಕೆ ಹೊಂದಬಹುದು ಅಂತ ಚೆನ್ನಾಗಿಯೇ ಊಹಿಸುತ್ತದೆ. ಅಷ್ಟಕ್ಕೆ ನಾನೂ ಬಳಸುತ್ತೇನೆ. ಆದರೆ ‘ಚೆರಿ’ ಅಂದಾಗ ಅದು ಲೋಕದ ಹೆಚ್ಚಿನ ಜನ ಹೇಳುವ ಅರ್ಥದ ಕಡೆ ವಾಲುತ್ತದೆ, ಅಂದರೆ ಹಸಿ ಹಣ್ಣಿನ ಕಡೆ. ಪಿಕಪ್ ಬಾಡಿಗೆ ಮತ್ತೆ ಕೊಡಲು ನಾನು ತಯಾರಿಲ್ಲ.

ಕನ್ನಡ, ಕೊಡವ ತಕ್ಕ್ ಪದ ಹಾಕಬಹುದಾ?

ಧಾರಾಳವಾಗಿ. ಒಳಗಿನ ಗುರುತು ಒಂದೇ, ಮೇಲಿನ ಹೆಸರು ಎಷ್ಟು ಭಾಷೆಯಲ್ಲಾದರೂ ಇರಬಹುದು. ಕನ್ನಡಕ್ಕೆ ಕೆಎನ್, ಕೊಡವ ತಕ್ಕ್‌ಗೆ ಕೆಎಫ್‌ಎ ಅನ್ನುವ ಭಾಷಾ ಗುರುತುಗಳಿವೆ. ತೋಟದವರಿಗೆ ‘ಚೆರಿ’ ಅಂತಲೇ ತೋರಿಸಿ, ಹೊರಗಿನವರಿಗೆ ‘ಒಣಗಿಸಿದ ಚೆರಿ’ ಅಂತ ತೋರಿಸಿ. ಒಳಗೆ ಎರಡೂ ಒಂದೇ.

ಬರೆದಾದ ಮೇಲೆ ಯಾರು ನೋಡಿಕೊಳ್ಳಬೇಕು?

ವರ್ಷಕ್ಕೊಮ್ಮೆ, ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ತೋಟದ ಕೆಲಸ ನಿಂತಿರುವಾಗ, ನಾವು ಏಳೆಂಟು ಜನ ಕೂರುತ್ತೇವೆ. ಒಂದೇ ಕಟ್ಟುನಿಟ್ಟು: ಹಳೆಯ ಪದದ ಅರ್ಥ ಬದಲಿಸುವ ಹಾಗಿಲ್ಲ. ಬೇಡವಾದರೆ ‘ಇನ್ನು ಬಳಸಬೇಡಿ’ ಅಂತ ಗುರುತು ಹಾಕಿ ಹೊಸ ಪದ ಸೇರಿಸುವುದು. ಹೋದ ವರ್ಷದ ಲಾಟುಗಳು ಹೋದ ವರ್ಷದ ಅರ್ಥದಲ್ಲೇ ಇರಬೇಕಲ್ವಾ?

ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ನೆಟ್ಟಿಲ್ಲ. ಆಗ?

ಆಗ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ, ಮತ್ತೇನು. ನೆಟ್ ಬಂದಾಗ ಮೊಬೈಲಿನಿಂದ ಎಲ್ಲ ಒಟ್ಟಿಗೆ ಹೋಗುತ್ತದೆ. ಕೆಲವು ಎರಡೆರಡು ಸಲವೂ ಹೋಗುತ್ತವೆ. ಪ್ರತಿ ಘಟನೆಗೂ ಬರೆಯುವಾಗಲೇ ಒಂದು ಶಾಶ್ವತ ಗುರುತು ಕೊಟ್ಟಿದ್ದರೆ ಚಿಂತೆಯಿಲ್ಲ. ಆರ್‌ಡಿಎಫ್‌ನಲ್ಲಿ ಅದೇ ಮಾತನ್ನು ಎರಡು ಸಲ ಹೇಳಿದರೂ ಒಂದು ಸಲ ಹೇಳಿದಷ್ಟೇ ಲೆಕ್ಕ.

ತಾರೀಕು ಮಾತ್ರ ಎರಡು ಇಡಿ. ಕೆಲಸ ಆದದ್ದು ಯಾವಾಗ, ಸರ್ವರಿಗೆ ತಿಳಿದದ್ದು ಯಾವಾಗ. ಇಪಿಸಿಐಎಸ್‌ನಲ್ಲಿ ಇದಕ್ಕೆ ಎರಡು ಬೇರೆ ಜಾಗ ಇದೆ. ಒಂದೇ ಇಟ್ಟರೆ, ಸೋಮವಾರ ಮಳೆಯಲ್ಲಿ ನೆನೆಯುತ್ತ ತೂಗಿದ ಮೆಣಸು ಗುರುವಾರದ ರೇಟಿಗೆ ಹೋಗುತ್ತದೆ. ರೇಟು ಇಳಿದಿದ್ದರೆ ರೈಟರಣ್ಣನ ಫೋನು ನನಗೇ ಬರುವುದು.